ಅಲುಗದ ಅಂಕಿ

ಪ್ರಿಂಟರ್ ಆರನೆಯ ಹಾಳೆಯನ್ನು ಹೊರಗೆ ತಳ್ಳಿದಾಗ ಅವಳ ಕಣ್ಣು ಮೊದಲ ಸಲ ಅಂಕಿಗಳ ಮೇಲೆ ಬಿತ್ತು. ಅಲ್ಲಿಯವರೆಗೆ ಬಂದ ಹಾಳೆಯನ್ನು ಬಂದ ಹಾಗೆ ತಟ್ಟಿ ಜೋಡಿಸುತ್ತಿದ್ದಳೇ ಹೊರತು ಓದಿರಲಿಲ್ಲ. ಮೂರು ಪಾಯಿಂಟ್ ಸೊನ್ನೆ. ಅದರ ಕೆಳಗೆ ಮೂರು ಪಾಯಿಂಟ್ ಸೊನ್ನೆ. ಬೆರಳಿಟ್ಟುಕೊಂಡು ಕೆಳಗಿಳಿದಳು. ಹಾಳೆಯ ಬುಡದವರೆಗೂ ಅದೇ ಇತ್ತು. ಏಳನೆಯ ಹಾಳೆ ಬಂತು, ಅದರಲ್ಲೂ ಅದೇ.

"ಆಯ್ತೇನಮ್ಮಾ?" ಇಂಜಿನಿಯರ್ ಬಾಗಿಲಿನಿಂದಲೇ ಕೇಳಿದರು. "ಹತ್ತೂವರೆಗೆ ವಿಚಾರಣೆಯವರು ಬಂದು ಕೂತ್ಕೋತಾರೆ. ಮಂಗಳವಾರದ್ದು ಮೇಲಿಡು."

"ಬರ್ತಾ ಇದೆ ಸಾರ್."

ಅವರು ಹತ್ತಿರ ಬಂದು ಒಂದು ಹಾಳೆ ಎತ್ತಿಕೊಂಡರು. ಮೂರು ದಿನದಿಂದ ಗಡ್ಡ ಬೋಳಿಸದ ಮುಖ ಸ್ವಲ್ಪ ಸಡಿಲವಾಯಿತು. "ನೋಡು, ಸ್ಕೇಲಿಟ್ಟು ಗೆರೆ ಎಳೆದ ಹಾಗಿದೆ. ಗ್ಯಾಸು ಹತ್ತು ದಾಟಿದ್ರೆ ತಾನೆ ನಮಗೆ ತಲೆನೋವು? ಮೂರರ ಮೇಲೆ ಹೋಗೇ ಇಲ್ಲ. ಇನ್ನು ಯಾರೂ ನಮ್ಮ ಕಡೆ ಬೆರಳು ತೋರಿಸೋ ಹಾಗಿಲ್ಲ."

ಅವಳು ಹೂಂ ಅಂದಳು.

ಊರಿನ ಬಚ್ಚಲು, ಪಾಯಿಖಾನೆಗಳ ನೀರೆಲ್ಲ ನೆಲದಡಿಯ ಕೊಳವೆಗಳಲ್ಲಿ ಹರಿದುಬಂದು ಈ ಸ್ಥಾವರದ ಆಳವಾದ ಬಾವಿಗೆ ಬೀಳುತ್ತದೆ. ಪಂಪುಗಳು ಅದನ್ನು ಮೇಲೆತ್ತಿ ಶುದ್ಧೀಕರಣದ ತೊಟ್ಟಿಗಳಿಗೆ ದಬ್ಬುತ್ತವೆ. ಬಾವಿಯಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಒಂದು ಗ್ಯಾಸು ಹುಟ್ಟುತ್ತದೆ. ಸ್ವಲ್ಪ ಇದ್ದಾಗ ಮೂಗಿಗೆ ರಪ್ಪನೆ ಹೊಡೆಯುತ್ತದೆ. ಹೆಚ್ಚಾದರೆ ಮೂಗನ್ನೇ ಕೊಲ್ಲುತ್ತದೆ, ವಾಸನೆ ಹೋಯಿತಲ್ಲ ಎಂದು ಮನುಷ್ಯ ನೆಮ್ಮದಿಯಿಂದ ಇಳಿಯುತ್ತಾನೆ. ಆದ್ದರಿಂದ ಮೂಗನ್ನು ನಂಬುವ ಹಾಗಿಲ್ಲ, ಬಾವಿಯ ಬಾಯೊಳಗೆ ತೂಗುಹಾಕಿದ ಸೆನ್ಸರನ್ನು ನಂಬಬೇಕು. ಅದು ಗಾಳಿಯನ್ನು ಮೂಸಿ ಎಳೆಯಷ್ಟು ಕರೆಂಟು ಕಳಿಸುತ್ತದೆ. ಬಾವಿಯ ಪಕ್ಕದ ಪೆಟ್ಟಿಗೆಯಲ್ಲಿರುವ ಎಲೆಕ್ಟ್ರಾನಿಕ್ ಕಾರ್ಡು ಆ ಕರೆಂಟನ್ನು ನಾಲ್ಕು ಸಾವಿರ ಮೆಟ್ಟಿಲಾಗಿ ಕತ್ತರಿಸಿ, ಈಗ ಎಷ್ಟನೆಯ ಮೆಟ್ಟಿಲು ಎಂದು ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರು ಸೆಕೆಂಡಿಗೊಮ್ಮೆ ಕೇಳಿಕೊಂಡು ಹತ್ತು ನಿಮಿಷಕ್ಕೊಮ್ಮೆ ಬರೆದಿಡುತ್ತದೆ. ಬಾವಿಯಲ್ಲಿ ಏನಿದೆಯೋ ಅದಕ್ಕೆ ಗೊತ್ತಿಲ್ಲ, ತಂತಿಯಲ್ಲಿ ಏನು ಬಂತೋ ಅಷ್ಟೇ ಗೊತ್ತು. ಈ ಮಾತು ಅವಳಿಗೆ ಗೊತ್ತಿದ್ದಷ್ಟು ಆ ಸ್ಥಾವರದಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಅವಳು ಅಲ್ಲಿಯ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್. ಹನ್ನೊಂದು ವರ್ಷ ಗುತ್ತಿಗೆಯ ಮೇಲೆ ದುಡಿದು, ಕೆಲಸ ಕಾಯಂ ಆಗಿ ನಾಲ್ಕು ತಿಂಗಳಾಗಿತ್ತು. ಮೀಟರುಗಳ ಸೊನ್ನೆ ಸರಿಮಾಡುವುದು ಅವಳ ಪಾಲಿನದಾದ್ದರಿಂದ ಎಲ್ಲರ ಬಾಯಲ್ಲೂ ಸೊನ್ನೆಯಕ್ಕ. ಹೆಸರಿಟ್ಟವನು ಪಂಪ್ ಫಿಟ್ಟರ್, ಅವಳಿಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಅವನಿಗೆ ಉಳಿದವರು ಇಟ್ಟ ಹೆಸರು ಪುಕ್ಕಲಣ್ಣ. ಬಾವಿಗೆ ಇಳಿಯುವ ಮುಂಚೆ ಅವನು ಪಡುವ ಪಾಡು ನೋಡಿಯೇ ನಗಬೇಕು. ಸೇಫ್ಟಿ ಬೆಲ್ಟಿನ ಹೊಲಿಗೆಯನ್ನು ಎಳೆದೆಳೆದು ನೋಡುವನು. ಏಣಿಯನ್ನು ಒದ್ದು ನೋಡುವನು. ಕಂಟ್ರೋಲ್ ರೂಮಿಗೆ ಫೋನು ಮಾಡಿ ಗ್ಯಾಸಿನ ಅಂಕಿ ಕೇಳುವನು, ಒಂದು ಕಾಲು ಒಳಗಿಟ್ಟು ಮತ್ತೆ ಕೇಳುವನು. "ನಗ್ರೋ, ನಗ್ರೋ. ಪುಕ್ಕಲರೇ ಪೆನ್ಷನ್ ತಗೊಳ್ಳೋದು," ಅನ್ನುತ್ತಿದ್ದ.

ಮಂಗಳವಾರ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಅವನು ಬಾವಿಗೆ ಬಿದ್ದ. ಮುಚ್ಚಳಗಳನ್ನೆಲ್ಲ ತೆಗೆದು, ಗಾಳಿ ಆಡಿ, ಅಗ್ನಿಶಾಮಕದವರು ಬಂದು ಮೇಲೆತ್ತುವ ಹೊತ್ತಿಗೆ ಒಂದೂವರೆ ಗಂಟೆಯಾಗಿತ್ತು. ನೀರು ಕುಡಿದು ಸತ್ತಿದ್ದಾನೆ ಎಂದು ವೈದ್ಯರು ಬರೆದರು. ಅಂಕಿ ಮೂರೇ ಇತ್ತು, ಕಾಲು ಜಾರಿರಬೇಕು ಎಂದು ಎಲ್ಲರೂ ಅಂದರು. ಅವಳೂ ಅಂದಿದ್ದಳು. ಬುಧವಾರ ಅವನನ್ನು ಕಳಿಸಿಕೊಡಲು ಹೋದಾಗ ನಾಲ್ಕು ಜನರೆದುರು ಅದನ್ನೇ ಹೇಳಿ ಅತ್ತಿದ್ದಳು.

ಈಗ ಹಾಳೆಗಳನ್ನು ಹಿಂದಕ್ಕೆ ತಿರುವಿದಳು. ಹಿಂದಿನ ವಾರದ ಬುಧವಾರ: 2.6, 3.4, 2.9, 5.1. ಊರು ಮುಖ ತೊಳೆಯುವ ಹೊತ್ತಿಗೆ ಏರಿ, ಮಧ್ಯಾಹ್ನ ಇಳಿದು, ಸಂಜೆಗೆ ಮತ್ತೆ ಏರಿತ್ತು. ಜೀವ ಇರುವ ಸೆನ್ಸರ್ ಒಂದು ಅಂಕಿಯ ಮೇಲೆ ಕೂರುವುದಿಲ್ಲ. ಏನೂ ಇಲ್ಲದಾಗಲೂ ಕೊನೆಯ ಅಂಕಿ ತುಸು ಮಿಸುಕುತ್ತಲೇ ಇರುತ್ತದೆ. ಅದರ ಮರುದಿನ, ಗುರುವಾರ ಬೆಳಿಗ್ಗೆ ಒಂಬತ್ತು ನಲವತ್ತರ ಸಾಲಿನಲ್ಲಿ ಮೂರು ಪಾಯಿಂಟ್ ಸೊನ್ನೆ ಬಂತು. ಆಮೇಲೆ ಐದು ದಿನ ಅದು ಅಲುಗಲಿಲ್ಲ. ಅವಳಿಗೆ ಆ ಗುರುವಾರ ನೆನಪಾಯಿತು.

"ಬಾವಿ ಹತ್ರದ ತಂತಿ ಪೆಟ್ಟಿಗೆ ಒಂದ್ಸಲ ನೋಡಿ ಬರ್ತೀನಿ ಸಾರ್," ಎಂದು ಟೂಲ್ ಚೀಲ ಎತ್ತಿಕೊಂಡು ಹೊರಟಳು.

ಬಾವಿಯ ಸುತ್ತ ಹಗ್ಗ ಕಟ್ಟಿದ್ದರು. ಕಾವಲಿನವನು ಕುರ್ಚಿಯಿಂದ ಏಳದೆ, "ಏನಕ್ಕಾ, ಚೆಕಿಂಗಾ?" ಅಂದ. ಹೂಂ ಎಂದು ಹಗ್ಗದಡಿ ನುಸುಳಿದಳು. ಪೆಟ್ಟಿಗೆ ಬಾವಿಯ ಹಿಂಬದಿಯ ಗೋಡೆಗೆ ಇತ್ತು. ಬೀಗ ತೆಗೆದು ಬಾಗಿಲು ತೆರೆದರೆ ಏಳನೆಯ ಜೋಡಿ ಸ್ಕ್ರೂಗಳ ನಡುವೆ ಅದು ಕೂತಿತ್ತು. ಅಕ್ಕಿಕಾಳಿಗಿಂತ ಒಂಚೂರು ದೊಡ್ಡದು, ಮೈಮೇಲೆ ಬಣ್ಣದ ಪಟ್ಟೆ, ಎರಡು ಕಡೆ ತಂತಿಯ ಕಾಲು.

ಅದಕ್ಕೆ ವರ್ಕ್‌ಶಾಪಿನಲ್ಲಿ ಗೊಂಬೆ ಅನ್ನುತ್ತಾರೆ. ಸೆನ್ಸರನ್ನು ಪರೀಕ್ಷೆಗೆ ಬಿಚ್ಚಿದರೆ ತಂತಿಯಲ್ಲಿ ಕರೆಂಟು ನಿಲ್ಲುತ್ತದೆ. ಕಂಪ್ಯೂಟರು ತಂತಿ ತುಂಡಾಯಿತೆಂದು ಬೊಬ್ಬೆ ಹಾಕಿ ಪಂಪುಗಳನ್ನು ನಿಲ್ಲಿಸುತ್ತದೆ, ಅರ್ಧ ಗಂಟೆಯಲ್ಲಿ ಊರಿನ ತಗ್ಗಿನ ಬೀದಿಗಳಲ್ಲಿ ಕೊಳಚೆ ಉಕ್ಕುತ್ತದೆ. ಅದಕ್ಕಾಗಿ ಸೆನ್ಸರಿನ ಜಾಗದಲ್ಲಿ ಒಂದು ರೆಸಿಸ್ಟರ್ ಸಿಕ್ಕಿಸುತ್ತಾರೆ. ಸದಾ ಒಂದೇ ಕರೆಂಟು ಬರುತ್ತಿರುತ್ತದೆ, ಕಂಪ್ಯೂಟರು ಸುಮ್ಮನಿರುತ್ತದೆ. ಯಾವ ಪುಸ್ತಕದಲ್ಲೂ ಇಲ್ಲದ ಈ ಉಪಾಯವನ್ನು ಎಲ್ಲ ಮೆಕ್ಯಾನಿಕ್‌ಗಳೂ ಮಾಡುತ್ತಾರೆ. ಒಂದು ಗಂಟೆಯ ಕೆಲಸ. ಗೊಂಬೆ ಹಾಕಿದಾಗ ಪೆಟ್ಟಿಗೆಗೆ ಕೆಂಪು ಚೀಟಿ ನೇತುಹಾಕಬೇಕು, ಕಂಟ್ರೋಲ್ ರೂಮಿಗೆ ಹೇಳಬೇಕು.

ಗುರುವಾರ ಕೆಂಪು ಚೀಟಿ ಮುಗಿದಿತ್ತು. ಕಂಟ್ರೋಲ್ ರೂಮಿನ ಫೋನು ಎಂಗೇಜ್ ಇತ್ತು. ಅವಳು ಅಂಗೈ ಮೇಲೆ ಪೆನ್ನಿನಲ್ಲಿ "ಏಳು — ಗೊಂಬೆ" ಎಂದು ಬರೆದುಕೊಂಡು, ಸೆನ್ಸರನ್ನು ವರ್ಕ್‌ಶಾಪಿಗೆ ಒಯ್ದು ಬಟ್ಟೆ ಮುಚ್ಚಿ ಇಟ್ಟಳು. ಅಷ್ಟರಲ್ಲಿ ಆಚೆ ತೊಟ್ಟಿಯ ಮೀಟರು ಕೈಕೊಟ್ಟಿತೆಂದು ಕರೆ ಬಂತು. ಅದು ಮೂರು ಗಂಟೆಯವರೆಗೆ ಹಿಡಿಯಿತು. ನಡುವೆ ಊಟಕ್ಕೆ ಹೋದವಳು ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದಳು. ಈ ಕೆಲಸ ಮಾಡುವವರೆಲ್ಲ ಹಾಗೇ ತೊಳೆಯುತ್ತಾರೆ.

ಈಗ ಅವಳಿಗೆ ಅಳು ಬರಲಿಲ್ಲ. ಅಂಗೈ ನೋಡಿಕೊಂಡಳು, ಅಷ್ಟೇ. ಆಮೇಲೆ ಅವಳು ಮಾಡಿದ್ದು, ತಾನು ಮಾಡಬಲ್ಲೆ ಎಂದು ಅವಳಿಗೇ ಗೊತ್ತಿಲ್ಲದ ಕೆಲಸ. ವರ್ಕ್‌ಶಾಪಿಗೆ ಹೋಗಿ, ಬಟ್ಟೆ ಸರಿಸಿ, ಸೆನ್ಸರನ್ನು ಚೀಲಕ್ಕೆ ಹಾಕಿಕೊಂಡು ಬಂದಳು. ಸೆನ್ಸರನ್ನು ಅದರ ಜಾಗದಲ್ಲಿ ತೂಗುಹಾಕಿ ಮೊದಲು ತಂತಿ ಬಿಗಿದಳು. ಆಮೇಲೆ ಗೊಂಬೆಯನ್ನು ಕಿತ್ತು ಜೇಬಿಗೆ ಇಳಿಸಿ ಪೆಟ್ಟಿಗೆಗೆ ಬೀಗ ಹಾಕಿದಳು. ಹಾಳೆಗಳು ಮಂಗಳವಾರಕ್ಕೇ ಮುಗಿಯುತ್ತವೆ; ಇವತ್ತಿನ, ಶುಕ್ರವಾರದ ಅಂಕಿಯನ್ನು ಕೇಳುವವರು ಯಾರೂ ಇರಲಿಲ್ಲ.

"ಎಲ್ಲ ಸರಿ ಇದೆಯಾ ಅಕ್ಕ?" ಕಾವಲಿನವನು ಕೇಳಿದ.

"ಸರಿ ಇದೆ," ಅಂದಳು.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜಿನ ಆಚೆ ಮೂವರು ಕೂತಿದ್ದರು. ನಡುವಿನವರು ಮುಖ್ಯ ಕಚೇರಿಯಿಂದ ಬಂದ ದಪ್ಪ ಕನ್ನಡಕದ ಅಧಿಕಾರಿ. ಕೆಟ್ಟ ಮನುಷ್ಯರಲ್ಲ. ಎಲ್ಲರನ್ನೂ ಕೂರಿಸಿಯೇ ಮಾತಾಡಿಸಿದರು. ಕಂಟ್ರೋಲ್ ರೂಮಿನವನನ್ನು ಮೊದಲು ಕೇಳಿದರು.

"ಇಳಿಯೋ ಮುಂಚೆ ಆತ ನಿಮ್ಮನ್ನ ಕೇಳಿದ್ನಾ?"

"ಕೇಳಿದ್ರು ಸಾರ್. ಮೂರು ಅಂದೆ." ಅವನು ತಲೆ ಎತ್ತಲಿಲ್ಲ.

"ಕೈಯಲ್ಲಿ ಹಿಡ್ಕೊಳ್ಳೋ ಗ್ಯಾಸ್ ಮೀಟರ್ ಇರಲಿಲ್ವಾ?"

"ಅದು ರಿಪೇರಿಗೆ ಹೋಗಿ ಎರಡು ತಿಂಗಳಾಯ್ತು ಸಾರ್," ಎಂದು ಇಂಜಿನಿಯರ್ ನಡುವೆ ಬಾಯಿ ಹಾಕಿದರು. "ಆದರೆ ಬಾವಿಯ ಸೆನ್ಸರ್ ಇತ್ತಲ್ಲ."

ಅಧಿಕಾರಿ ಅವಳ ಕಡೆ ತಿರುಗಿದರು. "ಸೆನ್ಸರ್ ಸರಿಯಾಗಿ ಕೆಲಸ ಮಾಡ್ತಿತ್ತೇನಮ್ಮ?"

ಕಾಯಂ ಆದ ದಿನ ಅಮ್ಮ ಆದೇಶದ ಕಾಗದವನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಬೀರುವಿನಲ್ಲಿಟ್ಟಿದ್ದಳು. ಕಾಲಿಲ್ಲದ ಅಮ್ಮ ಗಾಲಿಕುರ್ಚಿ ತಳ್ಳಿಕೊಂಡು ಹೋಗಿ ದಿನಕ್ಕೊಮ್ಮೆ ಅದನ್ನು ಮುಟ್ಟಿ ನೋಡುತ್ತಿದ್ದಳು. ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲ.

"ಸರಿ ಇತ್ತು ಸಾರ್."

ಅವರು ಬರೆದುಕೊಂಡು ಹಾಳೆ ತಳ್ಳಿದರು. ಅವಳು ಸಹಿ ಹಾಕಿದಳು. ಬೆಲ್ಟಿನ ಕೊಕ್ಕೆ ಬಿಚ್ಚಿಕೊಂಡಿತ್ತೆಂದು ಅಗ್ನಿಶಾಮಕದವರು ಬರೆದಿದ್ದಾರೆ, ಗ್ಯಾಸು ಇರಲಿಲ್ಲ, ಅಂದ ಮೇಲೆ ಕೊಕ್ಕೆ ಹಾಕದೆ ಇಳಿದದ್ದೇ ಕಾರಣ ಎಂದು ಅಧಿಕಾರಿ ಪಕ್ಕದವರಿಗೆ ಹೇಳಿ ಬರೆಸತೊಡಗಿದರು. ಸ್ವಂತ ಅಜಾಗರೂಕತೆ. ಆ ಪದವನ್ನು ಎರಡು ಸಲ ಹೇಳಿದರು. ಏಣಿಗೆ ಸಿಕ್ಕಿಸಿದ ಕೊಕ್ಕೆಯನ್ನು ಬಿಚ್ಚಿ ಬಾವಿಯೊಳಗಿನ ಕಟ್ಟೆಯ ಕಂಬಿಗೆ ಹಾಕಿಕೊಳ್ಳುವ ನಡುವೆ ಮನುಷ್ಯ ಎಣಿಸಿ ಮೂರು ಸೆಕೆಂಡು ಯಾವುದಕ್ಕೂ ಕಟ್ಟಿಕೊಂಡಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗ್ಯಾಸಿಗೆ ತಲೆ ತಿರುಗಲು ಅಷ್ಟು ಹೊತ್ತು ಸಾಕು.

ಆಮೇಲೆ ಪುಕ್ಕಲಣ್ಣನ ಹೆಂಡತಿಯನ್ನು ಒಳಗೆ ಕರೆಸಿದರು. ಸೊನ್ನೆಯಕ್ಕ ಅವಳನ್ನು ಅತ್ತಿಗೆ ಎನ್ನುತ್ತಿದ್ದಳು. ಕುಳ್ಳಗಿನ ಹೆಂಗಸು, ಹೊಲಿಗೆ ಅಂಗಡಿಯಲ್ಲಿ ಕೆಲಸ. ಕುರ್ಚಿಯ ಅಂಚಿನಲ್ಲಿ ಕೂತು ಅಧಿಕಾರಿ ಓದಿದ್ದನ್ನು ಪೂರ್ತಿ ಕೇಳಿದಳು.

"ಅಜಾಗರೂಕತೆ ಅಂದ್ರೆ ಉಡಾಫೆ ಅಂತಾನಾ ಸಾರ್?"

"ಹಾಗಲ್ಲಮ್ಮ. ಎಚ್ಚರ ತಪ್ಪೋದು."

"ನಮ್ಮನೆಯವರು ಮನೇಲಿ ಸ್ಟೂಲ್ ಹತ್ತಿ ಬಲ್ಬ್ ಹಾಕ್ತಿರಲಿಲ್ಲ. ನಾನೇ ಹತ್ತಬೇಕು, ಅವರು ಸ್ಟೂಲ್ ಹಿಡ್ಕೊಂಡು ಬೀಳ್ತೀಯ ಬೀಳ್ತೀಯ ಅಂತ ನನ್ನ ಪ್ರಾಣ ತಿನ್ನೋರು. ರಸ್ತೆ ದಾಟೋಕೆ ಕಾಲು ಗಂಟೆ. ಅಂಥೋರು ಕೊಕ್ಕೆ ಹಾಕದೆ ಇಳಿದ್ರಾ?"

ಯಾರೋ ನಗು ನುಂಗಿದರು. ಅಧಿಕಾರಿ ಮೆತ್ತಗೆ ಹೇಳಿದರು, "ಕಂಪ್ಯೂಟರಿನಲ್ಲಿ ದಾಖಲೆ ಇದೆಯಮ್ಮ. ಗ್ಯಾಸ್ ಇರಲಿಲ್ಲ."

"ಇರಬಹುದು ಸಾರ್. ನನಗೆ ಅದೆಲ್ಲ ಗೊತ್ತಾಗಲ್ಲ." ಅವಳು ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. "ಮಗಳು ಕೇಳ್ತಾಳೆ. ಹದಿನಾಲ್ಕು ವರ್ಷ ಅವಳಿಗೆ. ಅಪ್ಪ ನಮ್ಮೆದುರಿಗೆ ಮಾತ್ರ ಹೆದರೋ ಹಾಗೆ ಆಡ್ತಿದ್ರಾ, ಕೆಲಸದ ಜಾಗದಲ್ಲಿ ಬೇಕಾಬಿಟ್ಟಿ ಇದ್ರಾ, ನಮ್ಮ ನೆನಪು ಇರಲಿಲ್ವಾ ಅಂತ. ನಿನ್ನೆಯಿಂದ ಊಟ ಬಿಟ್ಟಿದಾಳೆ. ಅವಳಿಗೆ ಏನು ಹೇಳಲಿ, ಅದೊಂದು ಹೇಳಿಬಿಡಿ, ಹೋಗ್ತೀನಿ."

ಇಂಜಿನಿಯರ್ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದರು. ಸೊನ್ನೆಯಕ್ಕ ಎದ್ದು ನಿಂತಿದ್ದು ಅವಳಿಗೇ ಆಮೇಲೆ ಗೊತ್ತಾಯಿತು.

"ಸೆನ್ಸರ್ ಇರಲೇ ಇಲ್ಲ ಸಾರ್."

"ಏನು?"

"ಅವರು ಇಳಿಯೋ ಹೊತ್ತಿಗೆ ಐದು ದಿನದಿಂದ ಅಲ್ಲಿ ಸೆನ್ಸರೇ ಇರಲಿಲ್ಲ. ಹೋದ ವಾರ ಗುರುವಾರ ನಾನೇ ಬಿಚ್ಚಿದೆ. ಬದಲಿಗೆ ಇದನ್ನ ಸಿಕ್ಕಿಸಿದ್ದೆ." ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಅದು ಉರುಳಿ ಹಾಳೆಗಳಿಗೆ ತಾಗಿ ನಿಂತಿತು. "ಮರೆತೆ. ಇವತ್ತು ಬೆಳಿಗ್ಗೆ ಕಿತ್ತು ಜೇಬಿಗೆ ಹಾಕ್ಕೊಂಡೆ."

"ಅಮ್ಮಾ, ತಲೆ ಸರಿ ಇದೆಯಾ ನಿನಗೆ?" ಇಂಜಿನಿಯರರ ಮುಖ ಕೆಂಪಾಗಿತ್ತು. "ಸಾರ್, ಇವಳು ಮೂರು ದಿನದಿಂದ ಅಳ್ತಾ ಇದಾಳೆ, ಗಾಬರೀಲಿ ಏನೇನೋ..."

"ಹಾಳೆ ನೋಡಿ ಸಾರ್." ಅವಳು ಬಗ್ಗಿ ಹಾಳೆಗಳನ್ನು ಅಧಿಕಾರಿಯ ಎದುರು ಹರಡಿದಳು. "ಇದು ಬುಧವಾರ. ಏರುತ್ತೆ, ಇಳಿಯುತ್ತೆ. ಇಲ್ಲಿಂದ ನೋಡಿ. ಊರಿನ ಜನ ಸ್ನಾನ ಮಾಡಿದ್ರೂ ಮೂರು, ಮಾಡದೆ ಇದ್ರೂ ಮೂರು. ಮಂಗಳವಾರ ಹನ್ನೊಂದು ಹತ್ತಕ್ಕೂ ಮೂರು. ಮುಚ್ಚಳ ಎಲ್ಲ ತೆಗೆದು ಗಾಳಿ ಬಿಟ್ಟ ಮೇಲೂ ಮೂರು. ಯಾವ ಬಾವಿಯೂ ಹೀಗಿರಲ್ಲ. ಬಾವೀಲಿ ಎಷ್ಟಿತ್ತು ಅಂತ ಯಾರಿಗೂ ಗೊತ್ತಿಲ್ಲ ಸಾರ್. ಅವರು ಕೇಳಿದ್ದು ಬಾವೀನ, ಉತ್ತರ ಕೊಟ್ಟಿದ್ದು ನನ್ನ ಗೊಂಬೆ."

ಅಧಿಕಾರಿ ಕನ್ನಡಕ ಮೇಲೆ ತಳ್ಳಿ, ಹಾಳೆಗಳನ್ನು ಒಂದೊಂದಾಗಿ ಕಣ್ಣಿನ ಹತ್ತಿರ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಬರೆಯುತ್ತಿದ್ದವರಿಗೆ, "ಆ ವಾಕ್ಯ ಹೊಡೆದುಹಾಕಿ," ಅಂದರು.

ಅತ್ತಿಗೆ ಅವಳ ಕಡೆ ನೋಡಲೇ ಇಲ್ಲ. ಕಂಟ್ರೋಲ್ ರೂಮಿನವನ ಕಡೆ ತಿರುಗಿ ಕೇಳಿದಳು, "ಎಷ್ಟು ಸಲ ಕೇಳಿದ್ರು ಅವರು?"

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಮೂರು ಸಲ ಅತ್ತಿಗೆ. ಮೂರನೇ ಸಲ ನಾನು... ಇಳಿಯೋ ಪುಕ್ಕಲ, ಇವತ್ತೇ ಇಳಿ, ವಾರದಿಂದ ಮೂರೇ ಇದೆ ಅಂದೆ. ನಕ್ಕೆ."

"ಅವರೇನಂದ್ರು?"

"ಅವರೂ ನಕ್ಕರು."

ಅತ್ತಿಗೆ ತಲೆಯಾಡಿಸಿದಳು. ಬೇಕಾಗಿದ್ದ ಅಳತೆ ಸಿಕ್ಕವಳ ಹಾಗೆ ಮತ್ತೊಮ್ಮೆ ತಲೆಯಾಡಿಸಿ ಎದ್ದಳು.

ಅವಳ ವಿಚಾರಣೆ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡಾಯಿತು. ಸೊನ್ನೆಯಕ್ಕನ ಹೇಳಿಕೆಯನ್ನು ಹೊಸದಾಗಿ ಬರೆಸಿ ಪ್ರತಿ ಪುಟಕ್ಕೂ ಸಹಿ ತೆಗೆದುಕೊಂಡರು. ಮುಂದಿನ ಆದೇಶದವರೆಗೆ ಕೆಲಸಕ್ಕೆ ಬರಬಾರದು, ಪೊಲೀಸರು ಕರೆದಾಗ ಹೋಗಬೇಕು ಎಂದರು. ಬೀಗದ ಕೈಗಳ ಗೊಂಚಲನ್ನು ಇಂಜಿನಿಯರರ ಮೇಜಿನ ಮೇಲಿಟ್ಟಳು. ಅವರು ಅದನ್ನು ಮುಟ್ಟಲಿಲ್ಲ. "ಬಾಯಿ ಮುಚ್ಕೊಂಡು ಇದ್ದಿದ್ರೆ ಏನು ಗಂಟು ಹೋಗ್ತಿತ್ತು ನಿಂದು? ಸತ್ತವನು ವಾಪಸ್ ಬಂದ್ನಾ?" ಅಂದರು. ಅವರ ಕಣ್ಣಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ರಿಪೇರಿಗೆ ಹೋದ ಕೈಮೀಟರಿನ ಬಗ್ಗೆ ಅವರನ್ನೂ ಸಂಜೆ ವಿಚಾರಣೆಗೆ ಕೂರಿಸುವವರಿದ್ದರು.

ಗೇಟಿನ ಹೊರಗೆ ಬಸ್ಸಿನ ನಿಲ್ದಾಣದಲ್ಲಿ ಇದ್ದದ್ದು ಒಂದೇ ಸಿಮೆಂಟಿನ ಬೆಂಚು. ಅತ್ತಿಗೆ ಅದರ ತುದಿಯಲ್ಲಿ ಕೂತಿದ್ದಳು. ಸ್ಟೋರಿನವನು ಲಾಕರ್ ಖಾಲಿ ಮಾಡಿ ಕೊಟ್ಟಿದ್ದ ಗಂಡನ ಬೂಟುಗಳು ತೊಡೆಯ ಮೇಲಿದ್ದವು. ಕೆಲಸಕ್ಕೆ ಹಾಕುವ ದಪ್ಪ ಕರಿ ರಬ್ಬರಿನ ಹೊಸ ಜೋಡಿ, ಇನ್ನೂ ಒಮ್ಮೆಯೂ ಹಾಕಿರಲಿಲ್ಲ. ಲೇಸು ಇಲ್ಲದ ಅವುಗಳನ್ನು ಅವಳು ಒಂದು ಹಳೆಯ ಪೇಪರಿನಲ್ಲಿ ಸುತ್ತಲು ನೋಡುತ್ತಿದ್ದಳು, ಪೇಪರು ಸಾಲುತ್ತಿರಲಿಲ್ಲ.

ಸೊನ್ನೆಯಕ್ಕ ಕಂಬಕ್ಕೆ ಒರಗಿ ನಿಂತಳು. ಬಿಸಿಲು ಚುರುಗುಟ್ಟುತ್ತಿತ್ತು. "ಅತ್ತಿಗೆ," ಅಂದಳು.

"ಮಾತಾಡಿಸಬೇಡ." ಅತ್ತಿಗೆಯ ದನಿ ಏರಲಿಲ್ಲ. "ಮಗಳಿಗೆ ಹೇಳೋಕೆ ಒಂದು ಮಾತು ಸಿಕ್ತು. ಮೂರು ಸಲ ಕೇಳಿ ಇಳಿದ್ರು ಅಂತ ಹೇಳ್ತೀನಿ. ಅದನ್ನ ಕೊಟ್ಟಿದ್ದು ನೀನೇ. ಅದಕ್ಕೆ ನಿನಗೆ ಒಳ್ಳೇದಾಗಲಿ ಅನ್ನೋಕೆ ನನಗೆ ಬಾಯಿ ಬರಲ್ಲ. ಇವತ್ತಲ್ಲ, ಯಾವತ್ತೂ ಬರಲ್ಲ."

"ಬೇಡ," ಅಂದಳು ಅವಳು.

ಬಸ್ಸು ಬಂತು. ಅದೊಂದೇ ಬಸ್ಸು, ಇನ್ನೊಂದು ಸಂಜೆಗೆ. ಇಬ್ಬರೂ ಹತ್ತಿದರು. ಕಾಲೇಜು ಬಿಟ್ಟ ಹೊತ್ತಾದ್ದರಿಂದ ಸೀಟುಗಳೆಲ್ಲ ತುಂಬಿದ್ದವು, ಹಿಂದೆ ಒಂದು ಜೋಡಿ ಸೀಟು ಮಾತ್ರ ಖಾಲಿ. ಅತ್ತಿಗೆ ಕಿಟಕಿಯ ಕಡೆ ಕೂತು, ಪಕ್ಕದ ಸೀಟಿನ ಮೇಲೆ ಬೂಟುಗಳನ್ನು ಒಂದರ ಪಕ್ಕ ಒಂದಾಗಿ, ಮುಂದಕ್ಕೆ ಮುಖ ಮಾಡಿ ಇಟ್ಟಳು. ಸೊನ್ನೆಯಕ್ಕ ಎರಡು ಸಾಲು ಮುಂದೆ ಕಂಬಿ ಹಿಡಿದು ನಿಂತಳು.

ಕಂಡಕ್ಟರು ಟಿಕೆಟ್ ಹರಿಯುತ್ತ ಬಂದ. "ನಿಂತ್ಕೊಂಡು ದಾರಿಗೆ ಅಡ್ಡ ಆಗ್ತೀರಲ್ಲಮ್ಮ. ಹಿಂದೆ ಸೀಟಿದೆ ನೋಡಿ. ಆ ಬೂಟು ಕೆಳಗಿಡೋಕೆ ಹೇಳಿ, ಕೂತ್ಕೊಳ್ಳಿ."

"ಅಲ್ಲಿ ಜನ ಇದಾರೆ," ಅಂದಳು.

ಅವನು ಹಿಂದಕ್ಕೆ ನೋಡಿದ, ಅವಳ ಮುಖ ನೋಡಿದ, ಏನೂ ಅನ್ನದೆ ಮುಂದೆ ಹೋದ. ಬಸ್ಸು ತಿರುವಿನಲ್ಲಿ ವಾಲಿತು. ಅತ್ತಿಗೆ ಕಿಟಕಿಯ ಹೊರಗೇ ನೋಡುತ್ತ, ಬೂಟುಗಳು ಬೀಳದ ಹಾಗೆ ಅವುಗಳ ಮೇಲೆ ಕೈ ಅಡ್ಡ ಇಟ್ಟಳು.